ಆರಲಿ

ನಕ್ಷೆಯಲ್ಲಿ ನಲವತ್ತು ಎಂದಿತ್ತು,
ಪಕ್ಕದಲ್ಲಿ ಸಣ್ಣಕ್ಷರದ ಎಚ್, ಅದರ ಪಕ್ಕ ಆರು.
ಅಂದರೆ, ನಲವತ್ತು ಮಿಲಿಮೀಟರ್ ದಪ್ಪದ ಉಕ್ಕಿನ ದಂಡ,
ಮೇಲಕ್ಕೆ ಎಳ್ಳಷ್ಟೂ ಹೋಗಕೂಡದು,
ಕೆಳಕ್ಕೆ ಹದಿನಾರು ಮೈಕ್ರಾನಿನ ತನಕ ಕ್ಷಮೆ ಉಂಟು.

ಕೂದಲೆಳೆಯಲ್ಲಿ ತಪ್ಪಿತು ಅನ್ನುತ್ತಾರಲ್ಲ ಹೊರಗಿನ ಜನ,
ಅವರಿಗೇನು ಗೊತ್ತು.
ಮೊದಲ ವಾರವೇ ಉನಾಶ್‌ನ ತಲೆಯಿಂದ ಒಂದು ಕಿತ್ತು
ಮೈಕ್ರೋಮೀಟರಿನ ಬಾಯಿಗೆ ಕೊಟ್ಟು ನೋಡಿದ್ದೆವು:
ಎಪ್ಪತ್ತೆರಡು.
ನಮ್ಮ ಲೆಕ್ಕದಲ್ಲಿ ಕೂದಲೆಳೆ ಎಂದರೆ
ಎರಡು ಲಾರಿ ಎದುರುಬದುರು ಹಾಯುವ ರಸ್ತೆ.

ಎಯ್ಬಾರ್ ಊರು ಕಣಿವೆಯ ಬಿರುಕಿನಲ್ಲಿ ಸಿಕ್ಕಿಕೊಂಡಿದೆ.
ಹರಡಲು ಜಾಗ ಸಾಲದೆ ಕಾರ್ಖಾನೆಗಳು
ಒಂದರ ಹೆಗಲೇರಿ ಒಂದು ಕೂತವು;
ಐದನೇ ಮಹಡಿಯಲ್ಲಿ ಲೇತ್, ಆರನೆಯದರಲ್ಲಿ ತೊಟ್ಟಿಲು.
ಈಗ ಬಹುಪಾಲಿಗೆ ಬೀಗ, ಒಂದೆರಡರಲ್ಲಿ ಜಿಮ್.
ಉತ್ಪಾದನಾ ಎಂಜಿನಿಯರಿಂಗ್ ಸೇರಿದೆ ಎಂದಾಗ
ಚಿಕ್ಕಪ್ಪ ಕೋಲ್ಡೋ ಕಿಟಕಿ ತೆರೆದು
"ಎಲ್ಲಿ, ಸದ್ದು ಕೇಳಿಸು ನೋಡೋಣ" ಅಂದಿದ್ದ.

ಎರಡನೇ ವರ್ಷ, ನವೆಂಬರ್, ಗುರುವಾರದ ಪ್ರಾಯೋಗಿಕ.
ಉಳಿ ತಾಗಿದಲ್ಲಿ ಉಕ್ಕು ನೀಲಿಗಟ್ಟಿ
ಸುರುಳಿ ಸುರುಳಿಯಾಗಿ ಬೂಟಿನ ಮೇಲೆ ಬೀಳುತ್ತಿತ್ತು.
ಕೊನೆಯ ಪದರಕ್ಕೆ ಉಸಿರು ಹಿಡಿದೆ. ನಿಲ್ಲಿಸಿದೆ. ಅಳೆದೆ.
ಐದು ಕೆಳಗೆ!
ಇನ್ನೊಮ್ಮೆ ಅಳೆದೆ, ಐದೇ.
ಉನಾಶ್‌ಗೆ ತೋರಿಸಿದೆ. ಅವನ ಮುಖ ಹುಳ್ಳಗಾಯಿತು.

ಬಿಶೆಂತೆ ಬಂದರು. ಪ್ರೊಫೆಸರಲ್ಲ,
ವರ್ಕ್‌ಶಾಪಿನ ಕೀಲಿಗೊಂಚಲು ಸೊಂಟಕ್ಕೆ ಕಟ್ಟಿಕೊಂಡವರು,
ಎಡಗೈ ತೋರುಬೆರಳು ಒಂದು ಗೆಣ್ಣು ಗಿಡ್ಡ.
ದಂಡವನ್ನು ಮುಟ್ಟಲಿಲ್ಲ.
ಅಂಗೈಯನ್ನು ಅದರ ಮೇಲೆ, ನಾಲ್ಕು ಬೆರಳು ದೂರದಲ್ಲಿ
ಜ್ವರದ ಮಗುವಿಗೆ ಹಿಡಿದ ಹಾಗೆ ಹಿಡಿದು
"ಆರಲಿ" ಅಂದರು.
ಅಷ್ಟೇ. ದೀಪ ಆರಿಸಿ ನಡೆದರು.

ಮನೆಯಲ್ಲಿ ಅಮಾಮಾ, ನನ್ನಜ್ಜಿ, ಬೆಳ್ಳುಳ್ಳಿ ಸೂಪು ಮಾಡಿದ್ದಳು.
ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಕೊಕ್ಕೆಗಳ ತಪಾಸಣೆ ಅವಳದು.
ಅಂಚಿನುದ್ದ ಹೆಬ್ಬೆರಳಿನ ಉಗುರು ಎಳೆದು
ಹೂಂ, ಊಹೂಂ. ಎರಡೇ ಮಾತು.
ಮೀಟರು ಆಮೇಲೆ ಬಂತು; ಅದೂ ಅದನ್ನೇ ಹೇಳಿತಂತೆ.
ನನ್ನ ಐದರ ಪ್ರತಾಪವನ್ನೆಲ್ಲ ಕೇಳಿ
ಸೂಪು ಬಡಿಸುತ್ತಾ ಅವಳು ಕೇಳಿದ್ದು,
"ಅಳೆದದ್ದು ಯಾವಾಗ?"

ಅಳತೆಯ ಕೋಣೆಯಲ್ಲಿ ಸದಾ ಇಪ್ಪತ್ತು ಡಿಗ್ರಿ,
ಬೆಟ್ಟದ ಮೇಲೆ ಹಿಮ ಬಿದ್ದರೂ, ಆಗಸ್ಟ್ ಉರಿದರೂ.
ಬೆಳಿಗ್ಗೆ ಹತ್ತಿಯ ಕೈಚೀಲ ತೊಟ್ಟು ಅಳೆದೆ.
ಹತ್ತೊಂಬತ್ತು ಕೆಳಗೆ.
ರಾತ್ರಿಯಿಡೀ ನಾನು ನಿದ್ದೆಯಲ್ಲಿದ್ದಾಗ
ಹದಿನಾಲ್ಕು ಮೈಕ್ರಾನ್ ಸದ್ದಿಲ್ಲದೆ ಎದ್ದು ಹೋಗಿತ್ತು.
ಮೂರರಲ್ಲಿ ತಪ್ಪಿದೆ,
ಉನಾಶ್‌ನ ಕೂದಲಿನ ಇಪ್ಪತ್ತನಾಲ್ಕನೇ ಪಾಲು.

ಸೂತ್ರ ಬಾಯಿಪಾಠವಿತ್ತು ನನಗೆ,
ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ತೆಗೆದವಳು.
ಆದರೇನು, ಆ ಸಂಜೆ ಇಬ್ಬರೂ ಹಿಗ್ಗಿದ್ದೆವು,
ದಂಡವೂ, ನಾನೂ.

ಬಿಶೆಂತೆ ಅದರ ತುದಿಗೆ ಕೆಂಪು ಬಣ್ಣ ಬಳಿದರು.
ನನ್ನ ಕಣ್ಣು ಅವರ ಗಿಡ್ಡ ಬೆರಳಿನ ಮೇಲಿತ್ತು.
"ಇದಾ? ಲೇತ್ ಅಲ್ಲ. ಬಸ್ಸಿನ ಬಾಗಿಲು,
ಎಂಬತ್ತೊಂಬತ್ತರಲ್ಲಿ," ಎಂದು
ಹೊಸ ತುಂಡೊಂದನ್ನು ನನ್ನ ಕಡೆ ಉರುಳಿಸಿದರು.

ಕೆಂಪು ತುದಿಯ ದಂಡ ಈಗ ನಮ್ಮ ಅಡುಗೆಮನೆಯಲ್ಲಿದೆ.
ಅಮಾಮಾ ಅದರಲ್ಲಿ ಅಕ್ರೋಟು ಒಡೆಯುತ್ತಾಳೆ.
ಅಕ್ರೋಟಿಗೆ ಯಾವ ಹೊತ್ತಿನ ನಲವತ್ತಾದರೂ ನಡೆಯುತ್ತದೆ.

ಎರಡನೆಯ ದಂಡ ಮೇಜಿನ ಮೇಲೆ ಆರುತ್ತಿದೆ.
ಮುಟ್ಟಿದರೆ ನನ್ನ ಬಿಸಿಯೂ ಅದಕ್ಕೆ ಸೇರುತ್ತದೆಂದು
ಕೈ ಜೇಬಿಗೆ ತುರುಕಿ ಸ್ಟೂಲಿನ ಮೇಲೆ ಕೂತಿದ್ದೇನೆ.
ಎದುರು ಕಟ್ಟಡದ ಆರನೇ ಮಹಡಿಯಲ್ಲಿ
ಯಾರೋ ಬಟ್ಟೆ ಹರವುತ್ತಿದ್ದಾರೆ,
ಎರಡು ನೀಲಿ ಅಂಗಿ, ಒಂಟಿ ಕಾಲುಚೀಲ.
ಈ ಊರಿನ ಜಿಟಿಜಿಟಿಯಲ್ಲಿ
ಅವು ಯಾವಾಗ ಆರುತ್ತವೋ.